ಬಾಡಿಗೆ ಮನೆಯಲ್ಲೊಂದು ಕರ್ಜತ್

ಮನೆಯಲ್ಲಿ ಮಾಡೆಲ್ ರೈಲು ಕಟ್ಟೋದರ ಬಗ್ಗೆ ಮಾತಾಡಿ ಅಂತ ಕೇಳಿದಾಗ ನಾನು ಮೊದಲು ಕೇಳಿದ್ದು, ನೋಡೋರಲ್ಲಿ ಎಷ್ಟು ಜನ ಬಾಡಿಗೆ ಮನೇಲಿದ್ದಾರೆ ಅಂತ. ಹೆಚ್ಚುಕಮ್ಮಿ ಎಲ್ಲರೂ ಅಂದ್ರು. ಹಾಗಾದ್ರೆ ಸರಿ. ಯೂಟ್ಯೂಬಿನಲ್ಲಿ ಸಿಗೋ ಮಾಡೆಲ್ ರೈಲ್ವೆ ವಿಡಿಯೋಗಳಲ್ಲಿ ಅಮೆರಿಕದ ಯಾವನೋ ಒಬ್ಬ ತನ್ನ ಮನೆಯ ನೆಲಮಾಳಿಗೆ ತುಂಬಾ ಹಳಿ ಹಾಸಿರ್ತಾನೆ. ನಮ್ಮಲ್ಲಿ ನೆಲಮಾಳಿಗೆ ಅಂದ್ರೆ ಸೊಸೈಟಿಯ ಪಾರ್ಕಿಂಗು, ಅದೂ ಇದ್ದರೆ. ಹನ್ನೊಂದು ತಿಂಗಳ ಅಗ್ರಿಮೆಂಟು, ಗೋಡೆಗೆ ಮೊಳೆ ಹೊಡೀಬಾರದು ಅನ್ನೋ ಷರತ್ತು, ಎರಡು ಜನ ನಿಂತರೆ ತುಂಬೋ ಲಿಫ್ಟು. ಇವತ್ತು ಹೇಳೋದೆಲ್ಲಾ ಇಂಥ ಮನೆಗೆ ಹೊಂದುವ ಲೇಔಟಿನ ಬಗ್ಗೆ. ಐರೋಲಿಯಲ್ಲಿ ಶುರುವಾಗಿ, ಮುಲುಂಡಿನಲ್ಲಿ ಬೆಳೆದು, ಈಗ ಡೊಂಬಿವಲಿಯಲ್ಲಿ ಓಡ್ತಿದೆ.

ಮೊದಲನೇ ಪ್ರಶ್ನೆ: ಯಾವ ಜಾಗ ಮಾಡೋದು? ಈ ಹವ್ಯಾಸದಲ್ಲಿ ಹಣಕ್ಕಿಂತ ಹೆಚ್ಚು ತಲೆ ತಿನ್ನೋದು ಇದೇ. ನಾನು ಹಾಸನದ ಕಡೆಯವನು, ಹಾಗಾಗಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಮಾಡ್ತೀಯಾ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 57 ಸುರಂಗ, 109 ಸೇತುವೆ, ಎಡಕುಮೇರಿ. ಯಾರಿಗೆ ಆಸೆ ಆಗಲ್ಲ ಹೇಳಿ? ಆದರೆ ನಾನು ಆ ಘಾಟಿಯನ್ನ ನೋಡೋದು ವರ್ಷಕ್ಕೆ ಒಂದು ಸಲ. ಮಾಡೆಲ್ ಮಾಡೋವಾಗ ದಿನಾ ಅನುಮಾನ ಬರತ್ತೆ: ಪ್ಲಾಟ್‌ಫಾರ್ಮಿನ ಅಂಚು ಯಾವ ಬಣ್ಣ, ನೀರಿನ ನಲ್ಲಿ ಯಾವ ತುದೀಲಿದೆ, ಸಿಗ್ನಲ್ ಕಂಬದ ಏಣಿ ಎಡಕ್ಕೋ ಬಲಕ್ಕೋ. ಹೋಗಿ ನೋಡಿ ಬರೋಷ್ಟು ಹತ್ತಿರದ ಜಾಗ ಬೇಕು. ಸಿಎಸ್‌ಎಂಟಿಯಿಂದ ನೂರು ಕಿಲೋಮೀಟರು, ಲೋಕಲ್ ಟಿಕೆಟ್ಟಿನಲ್ಲಿ ಹೋಗಬಹುದಾದ ಕರ್ಜತ್ ಅದಕ್ಕೇ ಆರಿಸಿಕೊಂಡೆ.

ಇನ್ನೊಂದು ಕಾರಣ ನಿಮಗೂ ಗೊತ್ತು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೊರಟವರು, ಶರಾವತಿಯಲ್ಲಿ ಮೈಸೂರಿಗೆ ಹೊರಟವರು, ಹುಬ್ಬಳ್ಳಿಗೆ ಹೊರಟವರು, ಎಲ್ಲರ ರೈಲೂ ಕಲ್ಯಾಣ್ ದಾಟಿ ಕರ್ಜತ್‌ಗೆ ಬರ್ತದೆ. ಅಲ್ಲಿ ಬಹುತೇಕ ಎಕ್ಸ್‌ಪ್ರೆಸ್‌ಗಳು ನಿಲ್ತವೆ. ಇಳಿದು ವಡಾಪಾವ್ ತಗೊಂಡು ಬರೋಷ್ಟರಲ್ಲಿ ರೈಲಿನ ಬಾಲದಿಂದ ಒಂದು ಸಣ್ಣ ಧಕ್ಕೆ. ಕೈಯಲ್ಲಿರೋ ಚಹಾ ಅಲುಗತ್ತೆ. ಹಿಂದೆ ಬ್ಯಾಂಕರ್ ಎಂಜಿನ್‌ಗಳು ಬಂದು ಸೇರಿಕೊಂಡವು ಅಂತ ಅರ್ಥ. ಆಮೇಲೆ ಮುಂದಿನದು ಎಳೀತದೆ, ಹಿಂದಿನವು ತಳ್ತವೆ, ಲೋಣಾವಳಾ ತನಕ. ಮತ್ಸ್ಯಗಂಧದಲ್ಲಿ ಓಡಾಡೋ ಕರಾವಳಿಯವರಿಗೆ ಈ ಧಕ್ಕೆ ಗೊತ್ತಿರಲ್ಲ. ಕೊಂಕಣ ರೈಲ್ವೆಯನ್ನ ಕಟ್ಟಿದ್ದೇ 150ಕ್ಕೆ 1ರ ಏರಿಗಿಂತ ಕಡಿದಾಗದಂತೆ. ಭೋರ್ ಘಾಟಿನದು 37ಕ್ಕೆ 1. ಅಂದ್ರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ರಸ್ತೆಯಲ್ಲಾದರೆ ಸ್ಕೂಟರಿನವರ ಗಮನಕ್ಕೇ ಬಾರದ ಏರು. ಉಕ್ಕಿನ ಮೇಲೆ ಉಕ್ಕಿನ ಚಕ್ರ ಓಡೋವಾಗ ಅದು ಭಯಂಕರ ಏರು.

ಈ ದಾರಿ ತೆರೆದಿದ್ದು 1863ರಲ್ಲಿ. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿ ಹತ್ತೇ ವರ್ಷಕ್ಕೆ. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಭಾರತಕ್ಕೆ ಬಂದ ಸ್ವಲ್ಪ ದಿನಕ್ಕೇ ತೀರಿಕೊಂಡ. ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನ ತನ್ನ ಹೆಸರಿಗೆ ತಗೊಂಡು, ಇಬ್ಬರು ಎಂಜಿನಿಯರುಗಳನ್ನ ಇಟ್ಟುಕೊಂಡು ಕೆಲಸ ಮುಗಿಸಿದಳು. ಆ ಮೊದಲ ದಾರಿಯಲ್ಲಿ 25 ಸುರಂಗ. ಕಾಲರಾ, ಬಂಡೆ ಸಿಡಿತ, ಜ್ವರಕ್ಕೆ ಸತ್ತ ಕೂಲಿಗಳು ಸಾವಿರ ಸಾವಿರ. ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಇದನ್ನ ನನ್ನ ಲೇಔಟಿನಲ್ಲಿ ತೋರಿಸೋ ದಾರಿ ನನಗಿನ್ನೂ ಹೊಳೆದಿಲ್ಲ, ಆದರೆ ಥರ್ಮಾಕೋಲ್ ಕೊರೆದು ಸುರಂಗ ಮಾಡೋವಾಗ ನೆನಪಾಗ್ತಿರ್ತದೆ.

ಈಗ ಅಳತೆಗೆ ಬರೋಣ. ಪರದೆ ಮೇಲೆ ಎರಡು ಸ್ಕೇಲ್ ಕಾಣ್ತಿವೆ. ಎಚ್‌ಒ ಅಂದ್ರೆ 1:87, ಎನ್ ಅಂದ್ರೆ 1:160. ಎಚ್‌ಒ ನೋಡೋಕೆ ಚೆಂದ, ಕೈಗೆ ಸಿಗತ್ತೆ, ಭಾರತೀಯ ರೈಲುಗಳ ಮಾಡೆಲ್‌ಗಳೂ ಒಂದಿಷ್ಟು ಬರ್ತವೆ. ಪುಣೆಯ ಕೋಥ್ರೂಡಿನಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ. 1998ರಲ್ಲಿ ತೆರೆದದ್ದು. ಏನಾದರೂ ಕೊಳ್ಳೋ ಮೊದಲು ಮಕ್ಕಳನ್ನ ಕರಕೊಂಡು ಅಲ್ಲಿಗೆ ಒಮ್ಮೆ ಹೋಗಿ ಬನ್ನಿ. ಆದರೆ ನಮ್ಮ ಹಾಲ್‌ಗೆ ಎಚ್‌ಒ ಕಷ್ಟ. ಇವತ್ತಿನ ಎಲ್‌ಎಚ್‌ಬಿ ಬೋಗಿ ಸುಮಾರು 23.5 ಮೀಟರ್ ಉದ್ದ. ಎಚ್‌ಒನಲ್ಲಿ ಅದು 27 ಸೆಂಟಿಮೀಟರ್, ಎನ್‌ನಲ್ಲಿ 14.7. ಏಳು ಬೋಗಿ ಹಾಕಿದರೆ ಲೆಕ್ಕ ನೀವೇ ಮಾಡಿ.

ಇಲ್ಲೊಂದು ತಕರಾರಿದೆ, ಹೇಳಿಬಿಡ್ತೀನಿ. ಎನ್ ಸ್ಕೇಲಿನ ಹಳಿಗಳ ನಡುವೆ 9 ಮಿಲಿಮೀಟರ್. ಅದನ್ನ 160ರಿಂದ ಗುಣಿಸಿದರೆ 1440, ಯುರೋಪಿನ ಹಳಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದಕ್ಕೆ ಹತ್ತೂವರೆ ಮಿಲಿಮೀಟರ್ ಬೇಕು. ಅಂದ್ರೆ ನಮ್ಮ ರೈಲನ್ನ ಎನ್ ಹಳಿ ಮೇಲಿಟ್ಟರೆ ಅಗಲ ಒಂದೂವರೆ ಮಿಲಿಮೀಟರ್ ಕಡಿಮೆ. ಶುದ್ಧಾಚಾರದವರು ಕೈಯಿಂದಲೇ ಸ್ಲೀಪರ್ ಜೋಡಿಸಿ ಹಳಿ ಹಾಕ್ತಾರೆ, ಚಕ್ರಗಳನ್ನೂ ಅಗಲ ಮಾಡ್ತಾರೆ. ಅವರಿಗೆ ದೊಡ್ಡ ನಮಸ್ಕಾರ. ಸಂಜೆ ಎಂಟಕ್ಕೆ ಆಫೀಸಿನಿಂದ ಬಂದು ಹತ್ತರವರೆಗೆ ಕೂರೋ ನನಗೆ ಅದು ಆಗದ ಮಾತು. ಮೂರಡಿ ದೂರದಿಂದ ಆ ಒಂದೂವರೆ ಮಿಲಿಮೀಟರ್ ಕಾಣಲ್ಲ ಅಂತ ತೀರ್ಮಾನಿಸಿ ರೆಡಿಮೇಡ್ ಫ್ಲೆಕ್ಸ್ ಹಳಿ ತಗೊಂಡೆ.

ಘಾಟಿಯನ್ನ ಪೂರ್ತಿ ಅಳತೆಗೆ ಮಾಡಿದರೆ ಏನಾಗತ್ತೆ ನೋಡಿ, ತಮಾಷೆಯಾಗಿದೆ. ಕರ್ಜತ್‌ನಿಂದ ಲೋಣಾವಳಾಕ್ಕೆ 28 ಕಿಲೋಮೀಟರ್. 160ರಿಂದ ಭಾಗಿಸಿದರೆ 175 ಮೀಟರ್. ಏರೋ ಎತ್ತರ ಸುಮಾರು 560 ಮೀಟರ್, ಅದು ಮೂರೂವರೆ ಮೀಟರ್ ಆಗತ್ತೆ. ಕರ್ಜತ್ ನಮ್ಮ ಹಾಲಿನ ನೆಲದ ಮೇಲಿದ್ದರೆ ಲೋಣಾವಳಾ ಮೇಲಿನ ಮನೆಯವರ ಹಾಲ್‌ನಲ್ಲಿ. ಅವರು ಒಳ್ಳೆಯವರೇ, ಆದರೂ ಕೇಳೋಕಾಗಲ್ಲ. ಹಾಗಾಗಿ ಏನು ಬಿಡೋದು ಅಂತ ಯೋಚಿಸಬೇಕು. ನಾನು ಲೋಣಾವಳಾ ಬಿಟ್ಟೆ, ಖಂಡಾಲಾ ಬಿಟ್ಟೆ, ಖೋಪೋಲಿ ಕವಲು ಬಿಟ್ಟೆ, ಪನ್ವೇಲ್ ಕಡೆಯ ಲೈನು ಬಿಟ್ಟೆ. ಇಟ್ಟುಕೊಂಡಿದ್ದು ಎರಡು ಪ್ಲಾಟ್‌ಫಾರ್ಮ್, ಬ್ಯಾಂಕರ್ ಕಾಯೋ ಒಂದು ಸೈಡಿಂಗ್, ಒಂದು ತಿರುವು, ಮತ್ತೆ ಆ ಏರು. ಏರನ್ನ ಮಾತ್ರ ಒಂದು ಚೂರೂ ಕಡಿಮೆ ಮಾಡಲಿಲ್ಲ. 37ಕ್ಕೆ 1 ಅಂದ್ರೆ 37ಕ್ಕೆ 1.

ಮರದ ಕೆಲಸ. 90 ಸೆಂಟಿಮೀಟರ್ ಉದ್ದ, 30 ಅಗಲದ ನಾಲ್ಕು ಮಾಡ್ಯೂಲು, ಮೂಲೆಗೆ 60ಕ್ಕೆ 60ರ ಒಂದು. ಈ 90 ಎಲ್ಲಿಂದ ಬಂತು? ಆಟೋರಿಕ್ಷಾದ ಹಿಂದಿನ ಸೀಟಿನಿಂದ. ಟೇಪ್ ಹಿಡಿದು ಅಳೆದೆ, ಆಟೋದವರು ಪೊಲೀಸ್ ಅಂದುಕೊಂಡ್ರು. ಅದಕ್ಕಿಂತ ಉದ್ದ ಮಾಡಿದರೆ ಮನೆ ಬದಲಿಸೋವಾಗ ಟೆಂಪೋದಲ್ಲಿ ಫ್ರಿಜ್ಜಿನ ಜೊತೆ ಹೋಗಬೇಕು, ಆಮೇಲೆ ಏನುಳಿಯತ್ತೋ ದೇವರಿಗೇ ಗೊತ್ತು. ಆರು ಮಿಲಿಮೀಟರಿನ ವಾಟರ್‌ಪ್ರೂಫ್ ಪ್ಲೈಯಲ್ಲಿ ಮುಚ್ಚಳವಿಲ್ಲದ ಪೆಟ್ಟಿಗೆ ಥರ ಚೌಕಟ್ಟು, ಮೇಲೆ ಫೋಮ್ ಹಾಳೆ. ಮಾಮೂಲಿ ಪ್ಲೈ ಬೇಡ. ಜುಲೈ ತಿಂಗಳ ಮುಂಬೈ ಗಾಳಿಯಲ್ಲಿ ಅದು ಹಪ್ಪಳ ಆಗತ್ತೆ. ಎರಡು ಮಾಡ್ಯೂಲ್ ಸೇರೋ ಕಡೆ ಎರಡು ಬೋಲ್ಟು, ವಿಂಗ್ ನಟ್ಟು. ಹಳಿಯ ತುದಿಗಳನ್ನ ಹಿತ್ತಾಳೆ ಸ್ಕ್ರೂಗಳ ತಲೆಗೆ ಬೆಸುಗೆ ಹಾಕಿಬಿಡಿ. ಆಗ ಎಷ್ಟು ಸಲ ಬಿಚ್ಚಿ ಜೋಡಿಸಿದರೂ ತುದಿ ಅಲುಗಲ್ಲ.

ನಿಲ್ಲಿಸೋದು ಯಾವುದರ ಮೇಲೆ? ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲವಲ್ಲ. ಆಫೀಸುಗಳಲ್ಲಿ ಫೈಲ್ ಇಡೋ ತೂತು ತೂತಿನ ಕಬ್ಬಿಣದ ಆ್ಯಂಗಲ್ ರ‍್ಯಾಕ್ ಇದೆಯಲ್ಲ, ಅದೇ. 1.3 ಮೀಟರ್ ಎತ್ತರದಲ್ಲಿ ರೈಲು, ಕೆಳಗೆ ಸೂಟ್‌ಕೇಸು, ಅಕ್ಕಿ ಡಬ್ಬ, ಗಣಪತಿ ಹಬ್ಬದ ಅಲಂಕಾರದ ಸಾಮಾನು. ಈ ಒಂದು ವಿಷಯಕ್ಕೇ ನನ್ನ ಹೆಂಡತಿ ಒಪ್ಪಿದ್ದು. "ರೈಲು ನಿಮ್ಮದು, ರ‍್ಯಾಕು ನನ್ನದು" ಅಂತ ಅವಳ ಲೆಕ್ಕ. ಎತ್ತರದಲ್ಲಿಟ್ಟರೆ ರೈಲು ಕಣ್ಣಿನ ಮಟ್ಟಕ್ಕೆ ಬರತ್ತೆ, ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದ ಹಾಗಿರತ್ತೆ. ಮೇಲಿನಿಂದ ಬಗ್ಗಿ ನೋಡಿದರೆ ಎಂಥ ಮಾಡೆಲ್ಲೂ ಆಟಿಕೆಯೇ.

ಮೂಲೆಯ ತಿರುವಿನ ತ್ರಿಜ್ಯ 44 ಸೆಂಟಿಮೀಟರ್. ಬೋಗಿಯ ಉದ್ದದ ಮೂರು ಪಟ್ಟಾದರೂ ತ್ರಿಜ್ಯ ಇರಲಿ ಅನ್ನೋದು ಈ ಹವ್ಯಾಸದವರ ಮಾಮೂಲಿ ಲೆಕ್ಕ. ನಿಜದ ಬ್ರಾಡ್‌ಗೇಜ್‌ನಲ್ಲಿ ಅತಿ ಬಿಗಿ ತಿರುವು ಅಂದ್ರೂ 175 ಮೀಟರ್ ತ್ರಿಜ್ಯ, ಎನ್ ಸ್ಕೇಲಿನಲ್ಲಿ ಸುಮಾರು 1.1 ಮೀಟರ್. ಅಷ್ಟು ಕೊಟ್ಟರೆ ಸೋಫಾ ಹೊರಗೆ. ಹಾಗಾಗಿ ತಿರುವಿನ ಅರ್ಧ ಭಾಗದ ಮೇಲೆ ಗುಡ್ಡ ಕೂರಿಸಿ ಮರೆಮಾಡಿದೀನಿ. ತಿರುವೂ ಎರಡನೇ ಗೋಡೆಯೂ ಸೇರಿ ಏರಿನ ಉದ್ದ ಎರಡೂವರೆ ಮೀಟರ್. 37ರಿಂದ ಭಾಗಿಸಿ, ಸುಮಾರು 6.7 ಸೆಂಟಿಮೀಟರ್. ಇಷ್ಟೇನಾ ಅಂತ ಮಗಳು ಕೇಳಿದಳು. ಹೌದು, ಇಷ್ಟೇ.

ಏರಿನ ತುದಿಯಲ್ಲಿ ಸುರಂಗದ ಬಾಯಿ, ಅಲ್ಲಿಗೆ ಮಾಡ್ಯೂಲ್ ಮುಗೀತು. ರೈಲು ಎಲ್ಲಿಗೆ ಹೋಗ್ಬೇಕು? ಅದಕ್ಕೊಂದು ಕ್ಯಾಸೆಟ್. ಒಂದು ಮೀಟರ್ ನಲವತ್ತು ಸೆಂಟಿಮೀಟರ್ ಉದ್ದದ ಪಟ್ಟಿ, ಅದರ ಮೇಲೆ ಎರಡು ಅಲ್ಯೂಮಿನಿಯಂ ಆ್ಯಂಗಲ್, 9 ಮಿಲಿಮೀಟರ್ ಬಿಟ್ಟು. ಆ್ಯಂಗಲ್ಲೇ ಹಳಿ, ಆ್ಯಂಗಲ್ಲೇ ತಡೆಗೋಡೆ. ಓಡಿಸೋವಾಗ ಮಾತ್ರ ಬೆಡ್‌ರೂಮ್ ಬಾಗಿಲಿಗೆ ಅಡ್ಡಲಾಗಿ ಒಂದು ಸ್ಟ್ಯಾಂಡಿನ ಮೇಲೆ ಇಡ್ತೀನಿ, ಮನೆಯವರು ಬಗ್ಗಿ ಓಡಾಡ್ತಾರೆ. ಇಡೀ ರೈಲು ಅದರೊಳಗೆ ಹೋಗಿ ಕೂರತ್ತೆ. ಅದೇ ಲೋಣಾವಳಾ.

ಇನ್ನು ವಿದ್ಯುತ್ತು. ಇಲ್ಲಿ ನಮ್ಮ ಜನಕ್ಕೆ ಖುಷಿ ಆಗತ್ತೆ. ಹಳೇ ಪದ್ಧತಿಯಲ್ಲಿ ಹಳಿಗೆ 12 ವೋಲ್ಟ್ ಡಿಸಿ ಕೊಡ್ತಾರೆ, ವೋಲ್ಟೇಜ್ ಏರಿಸಿದರೆ ವೇಗ. ಒಂದೇ ಹಳಿ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಹೊರಡ್ತವೆ. ಪ್ಲಾಟ್‌ಫಾರ್ಮಿನಲ್ಲಿ ರೈಲು ನಿಂತಿರಬೇಕು, ಹಿಂದಿನಿಂದ ಬ್ಯಾಂಕರ್ ಮೆಲ್ಲಗೆ ಬಂದು ಸೇರಬೇಕು ಅಂದ್ರೆ ಡಿಸಿಯಲ್ಲಿ ಹಳಿಯನ್ನ ತುಂಡು ತುಂಡು ಮಾಡಿ ಸ್ವಿಚ್ ಹಾಕಬೇಕು. ಡಿಸಿಸಿಯಲ್ಲಿ ಆ ಗೋಳಿಲ್ಲ. ಹಳಿಯಲ್ಲಿ ಸದಾ ಪೂರ್ತಿ ವೋಲ್ಟೇಜ್ ಇರತ್ತೆ, ಅದರ ದಿಕ್ಕನ್ನ ಪಟಪಟ ತಿರುಗಿಸುತ್ತಾ ಸಂದೇಶ ಕಳಿಸ್ತಾರೆ. ಅರ್ಧ ಅಲೆ 58 ಮೈಕ್ರೋಸೆಕೆಂಡ್ ಇದ್ದರೆ ಅದು 1, ನೂರೋ ಅದಕ್ಕಿಂತ ಹೆಚ್ಚೋ ಇದ್ದರೆ 0. ಪ್ರತಿ ಎಂಜಿನ್ನಿಗೂ ಒಂದು ವಿಳಾಸ. ಕರೆಂಟೂ ಅದೇ ಹಳಿಯಲ್ಲಿ, ನೆಟ್‌ವರ್ಕೂ ಅದೇ ಹಳಿಯಲ್ಲಿ. ಎಲ್ಲ ಎಂಜಿನ್ನಿಗೂ ಎಲ್ಲ ಸಂದೇಶ ಕೇಳಿಸತ್ತೆ, ತನ್ನದಲ್ಲದ್ದನ್ನ ಬಿಟ್ಟುಬಿಡತ್ತೆ. ಮಾಮೂಲಿ ಡಿಸಿಸಿಯಲ್ಲಿ ತಲುಪಿತು ಅಂತ ಉತ್ತರವೂ ಬರಲ್ಲ, ಅದಕ್ಕೇ ಒಂದೇ ಸಂದೇಶವನ್ನ ಮತ್ತೆ ಮತ್ತೆ ಕಳಿಸ್ತಾರೆ. ಯುಡಿಪಿ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ. ಡಿಸಿಸಿ-ಇಎಕ್ಸ್ ಅನ್ನೋ ಓಪನ್ ಸೋರ್ಸ್ ತಂತ್ರಾಂಶ ಇದೆ. ಒಂದು ಆರ್ಡುವಿನೊ ಮೆಗಾ, ಒಂದು ಮೋಟರ್ ಶೀಲ್ಡ್ ಸಾಕು. ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದೇ ಸುತ್ತಿಗೆ ಎರಡೂ ಸಿಗ್ತವೆ.

ಈಗ ನಾನು ನಿಜವಾಗಿ ಹೇಳಬೇಕು ಅಂತ ಬಂದ ವಿಷಯ. ಬ್ಯಾಂಕರ್ ಸೇರಿಸೋದನ್ನ ಮಾಡೆಲಿನಲ್ಲಿ ತೋರಿಸೋದು ಸುಲಭ. ಆದರೆ ಬ್ಯಾಂಕರ್ ಇಲ್ಲದಿದ್ದರೂ ರೈಲು ಆರಾಮಾಗಿ ಮೇಲೆ ಹೋಗೋದಾದರೆ ಅದು ನಾಟಕ ಆಗತ್ತೆ. ನನ್ನ ಏಳು ಬೋಗಿಯ ಗಾಡಿಯನ್ನ ಮೊದಲು ಮಾಮೂಲಿ ಶಿಫಾರಸಿನ ತೂಕಕ್ಕೆ, ಅಂದ್ರೆ ಬೋಗಿಗೆ ಸುಮಾರು 40 ಗ್ರಾಂ, ಮಾಡಿಟ್ಟಿದ್ದೆ. 85 ಗ್ರಾಮಿನ ಒಂದೇ ಎಂಜಿನ್ ಅದನ್ನ ಏದುಸಿರು ಬಿಡುತ್ತಾ ಎಳೆದುಕೊಂಡು ಹೋಯ್ತು. ಹಿಂದಿನ ಎಂಜಿನ್ ಸುಮ್ಮನೆ ಮದುವೆ ಮೆರವಣಿಗೆಯ ಬಾಲದ ಹಾಗೆ.

ಕಾಗದ ತಗೊಂಡು ಲೆಕ್ಕ ಹಾಕಿದೆ. ಎಂಜಿನ್ ತನ್ನ ತೂಕದ ಶೇಕಡಾ 22ರಷ್ಟು ಎಳೀತದೆ. ಸ್ಪ್ರಿಂಗ್ ತಕ್ಕಡಿ ಕಟ್ಟಿ ಅಳೆದದ್ದು ಅದು. ಅಂದ್ರೆ ಸುಮಾರು 18.7 ಗ್ರಾಂ ಬಲ. ಏರಿನಲ್ಲಿ ತನ್ನನ್ನೇ ಎತ್ತಿಕೊಳ್ಳೋಕೆ 2.3 ಗ್ರಾಂ ಹೋಯ್ತು, ಉಳಿದದ್ದು 16.4. ಬೋಗಿಗೆ ಏರಿನ ಪಾಲು ತೂಕದ ಶೇಕಡಾ 2.7, ಉಜ್ಜಾಟದ ಪಾಲು 2.5. ಒಟ್ಟು 5.2. 40 ಗ್ರಾಮಿನ ಬೋಗಿಗೆ ಎರಡು ಗ್ರಾಮಿನ ಮೇಲೆ ಸ್ವಲ್ಪ. ಏಳು ಬೋಗಿಗೆ 14.6. ಏರತ್ತೆ, ಸರಿ. ಅದೇ ಬೋಗಿಯನ್ನ 55 ಗ್ರಾಂ ಮಾಡಿದರೆ? ಒಂದಕ್ಕೆ 2.86, ಏಳಕ್ಕೆ 20. ಒಂದು ಎಂಜಿನ್ನಿನ ಕೈಲಿ ಆಗಲ್ಲ, ಎರಡರ ಕೈಲಿ ಆಗತ್ತೆ.

ಪ್ರತಿ ಬೋಗಿಯ ಹೊಟ್ಟೆಯೊಳಗೆ 15 ಗ್ರಾಂ ಕಬ್ಬಿಣದ ವಾಷರ್ ಅಂಟಿಸಿದೆ. ಐದು ಬೋಗಿ ಹಾಕಿದಾಗ ಎಂಜಿನ್ ಏರಿತು. ಆರನೆಯದಕ್ಕೆ ತಿರುವಿನ ಕೊನೆಯಲ್ಲಿ ಚಕ್ರ ಜಾರೋಕೆ ಶುರು. ಏಳು ಹಾಕಿದರೆ ನಿಂತೇಬಿಡ್ತು, ಚಕ್ರ ಮಾತ್ರ ಗಿರ್ರಂತ ತಿರುಗ್ತಾ. ಹಿಂದೆ ಬ್ಯಾಂಕರ್ ಕೊಟ್ಟೆ. ಹೋಯ್ತು. 160 ಪಟ್ಟು ಚಿಕ್ಕದರಲ್ಲೂ ಬ್ಯಾಂಕರ್ ಯಾಕೆ ಬೇಕು ಅನ್ನೋದಕ್ಕೆ ಕಾರಣ ಅದೇ: ಅಂಟಿಕೊಳ್ಳೋ ಬಲ ಸಾಲದು. ಮೂರು ವರ್ಷದ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ರಾತ್ರಿ ಅದು. ಹೆಂಡತಿಯನ್ನ ಎಬ್ಬಿಸಿ ತೋರಿಸಿದೆ. "ಮೊದಲು ಚೆನ್ನಾಗಿ ಓಡ್ತಿತ್ತಲ್ಲ, ಯಾಕೆ ಕೆಡಿಸಿದ್ರಿ?" ಅಂದಳು.

ಹಿಂದಿನಿಂದ ತಳ್ಳೋದರಲ್ಲಿ ಒಂದು ಅಪಾಯ ಇದೆ. ಬ್ಯಾಂಕರ್ ಮುಂದಿನ ಎಂಜಿನ್ನಿಗಿಂತ ವೇಗ ಹೋದರೆ ತಿರುವಿನಲ್ಲಿ ಬೋಗಿಗಳು ಹೊರಗಡೆಗೆ ಉಬ್ಬಿ ಹಳಿ ತಪ್ತವೆ. ನಿಧಾನ ಆದರೆ ಅದೇ ಭಾರ ಆಗಿ, ಬೋಗಿಗಳು ಒಳಗಡೆಗೆ ಜಗ್ಗಿ ಬೀಳ್ತವೆ. ಹಾಗಾಗಿ ಎರಡು ಎಂಜಿನ್ನಿನ ವೇಗ ಸರಿಹೊಂದಿಸಬೇಕು. ಡಿಕೋಡರಿನಲ್ಲಿ ಸಿವಿ ಅನ್ನೋ ಸೆಟ್ಟಿಂಗ್‌ಗಳಿರ್ತವೆ. 2ನೆಯದು ಹೊರಡೋ ವೋಲ್ಟೇಜ್, 6ನೆಯದು ನಡುವಿನದು, 5ನೆಯದು ಗರಿಷ್ಠ. ಅರ್ಧ ಮೀಟರ್ ಅಂತರದಲ್ಲಿ ಎರಡು ಇನ್‌ಫ್ರಾರೆಡ್ ಸೆನ್ಸರ್ ಇಟ್ಟು, ಪ್ರತಿ ವೇಗದ ಹಂತಕ್ಕೂ ಎರಡೂ ಎಂಜಿನ್ನಿನ ಸಮಯ ಅಳೆಯೋ ಸಣ್ಣ ಪ್ರೋಗ್ರಾಂ ಬರೆದೆ. ಗಂಟೆಗೆ 30 ಕಿಲೋಮೀಟರ್ ಅಂದ್ರೆ ಎನ್ ಸ್ಕೇಲಿನಲ್ಲಿ ಸೆಕೆಂಡಿಗೆ 5.2 ಸೆಂಟಿಮೀಟರ್. ಘಾಟಿ ಹತ್ತೋಕೆ ಮುಕ್ಕಾಲು ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಮುಂದಿನದು ಕೂದಲೆಳೆಯಷ್ಟು ವೇಗ ಇರಲಿ. ಆಗ ಮುಂದಿನ ಬೋಗಿಗಳ ಕಪ್ಲರ್ ಬಿಗಿ, ಹಿಂದಿನವು ಒತ್ತಿಕೊಂಡು. ನಾಲ್ಕನೇ ಬೋಗಿಯ ಹತ್ತಿರ ಕಪ್ಲರ್ ಸಡಿಲ, ಅದನ್ನ ಯಾರೂ ಎಳೀತಿಲ್ಲ, ಯಾರೂ ತಳ್ತಿಲ್ಲ. ಟಾರ್ಚ್ ಹಿಡಿದರೆ ಆ ಸಡಿಲ ಕಣ್ಣಿಗೆ ಕಾಣತ್ತೆ.

ಮುಲುಂಡಿನ ನಮ್ಮ ಕಟ್ಟಡದಲ್ಲಿ ಒಬ್ಬರು ಕಾಕಾ ಇದ್ದರು, ರೈಲ್ವೆಯಲ್ಲಿ ಎಂಜಿನ್ ಓಡಿಸಿ ನಿವೃತ್ತರಾದವರು. ಒಂದು ಭಾನುವಾರ ಬಂದು ಚಹಾ ಕುಡೀತಾ ಹತ್ತು ಸಲ ಓಡಿಸಿ ನೋಡಿದರು. ಹೊಗಳ್ತಾರೆ ಅಂತ ಕಾಯ್ತಿದ್ದೆ. ಇಳಿಯೋದು ತೋರಿಸು ಅಂದರು. ಇಳಿಸಿದೆ. ನಡುವೆ ನಿಲ್ಲಿಸು ಅಂದರು. ನಿಲ್ಲಿಸಿದೆ, ಕಲ್ಲಿನ ಹಾಗೆ ನಿಂತಿತು. ಅವರು ನಕ್ಕುಬಿಟ್ಟರು. ನಿಜದ ಘಾಟಿಯಲ್ಲಿ ಏರೋದಕ್ಕಿಂತ ಇಳಿಯೋದೇ ಭಯ. ಬ್ರೇಕು ಹಿಡೀಲಿಲ್ಲ ಅಂದ್ರೆ ಮುಗೀತು. ಅದಕ್ಕೇ ಘಾಟಿಗಳಲ್ಲಿ ಕ್ಯಾಚ್ ಸೈಡಿಂಗ್ ಅಂತ ಇಡ್ತಾರೆ. ಹತೋಟಿ ತಪ್ಪಿ ಬಂದ ಗಾಡಿ ಮೇಲ್ಮುಖವಾದ ಆ ಕವಲಿಗೆ ಹೋಗಿ ತಾನೇ ನಿಲ್ಲಲಿ ಅಂತ. ನನ್ನ ಎಂಜಿನ್ನಿನೊಳಗೆ ಇರೋದು ವರ್ಮ್ ಗೇರು. ಮೋಟರ್ ಚಕ್ರವನ್ನ ತಿರುಗಿಸಬಲ್ಲದು, ಚಕ್ರ ಮೋಟರನ್ನ ತಿರುಗಿಸಲಾರದು. ಕರೆಂಟ್ ತೆಗೆದರೆ ಅದೇ ಬ್ರೇಕು. ಮಾಡೆಲಿನವರಿಗೆ ಘಾಟಿಯ ಅರ್ಧ ಮಾತ್ರ ಗೊತ್ತಾಗತ್ತೆ ಅನ್ನೋದು ಅವರ ಮಾತಿನ ಸಾರ. ಆದರೆ ಬೋಗಿಗೆ ಗೇರಿಲ್ಲವಲ್ಲ, ಬಿಡಿ ಬೋಗಿ ಓಡಿಹೋಗತ್ತೆ. ಹಾಗಾಗಿ ತಿರುವಿನ ಕೆಳಗೆ ಒಂದು ಕ್ಯಾಚ್ ಸೈಡಿಂಗ್ ಸೇರಿಸಿದೆ. ಪಾಯಿಂಟ್ ಸದಾ ಆ ಕಡೆಗೇ ಇರತ್ತೆ, ಗಾಡಿ ಪೂರ್ತಿ ನಿಂತಿದ್ದನ್ನ ಸೆನ್ಸರ್ ನೋಡಿದ ಮೇಲೆ ಮುಖ್ಯ ಲೈನಿಗೆ ತಿರುಗತ್ತೆ. ಮಗಳ ಅಚ್ಚುಮೆಚ್ಚಿನ ಆಟ ಈಗ ಅದೇ: ಮೇಲೆ ಒಂದು ಬೋಗಿ ಬಿಡೋದು, ಅದು ಬಂದು ಮರಳಿನ ದಿಬ್ಬಕ್ಕೆ ಮೂಗು ಚುಚ್ಚೋದು ನೋಡೋದು.

ಎಂಜಿನ್ ಬಗ್ಗೆ ಬೇಗ ಹೇಳ್ತೀನಿ. ಎನ್ ಸ್ಕೇಲಿನಲ್ಲಿ ಭಾರತೀಯ ಎಂಜಿನ್ ಅಂಗಡಿಯಲ್ಲಿ ಸಿಗೋದು ಅಪರೂಪ. ಜಪಾನಿನ ಕಾಟೋ ಕಂಪನಿಯ ಆರು ಆ್ಯಕ್ಸಲಿನ ಚಾಸಿ, ಮೇಲೆ ತ್ರೀಡಿ ಪ್ರಿಂಟ್ ಮಾಡಿದ ಡಬ್ಲ್ಯೂಎಜಿ-7 ಮೈ. ಇಡೀ ಲೇಔಟಿನಲ್ಲಿ ದುಬಾರಿ ಅಂದ್ರೆ ಇವೆರಡೇ, ಉಳಿದದ್ದು ಪ್ಲೈ, ತಂತಿ, ಫೆವಿಕಾಲ್. ಹಳೇ ಕಾಲ ಇಷ್ಟಪಡೋರು 1930ಕ್ಕೆ ಹೋಗಬಹುದು. ಡೆಕ್ಕನ್ ಕ್ವೀನ್ ಶುರುವಾದ ವರ್ಷ, ಖೇಕಡಾ ಅಂದ್ರೆ ಏಡಿ ಅಂತ ಕರೀತಿದ್ದ ಆ ಮೊಸಳೆ ಮೂಗಿನ ಎಂಜಿನ್‌ಗಳ ಕಾಲ.

ಮಳೆಗಾಲದ ಆರೈಕೆ ಮುಖ್ಯ. ನಿಕಲ್ ಸಿಲ್ವರ್ ಹಳಿಯನ್ನೇ ತಗೊಳ್ಳಿ, ಹಿತ್ತಾಳೆಯದು ಬೇಡ. ಪ್ರತಿ ಹಳಿ ತುಂಡಿಗೂ ಬೇರೆ ತಂತಿ ಬೆಸೆಯಿರಿ, ಜೋಡಿಸೋ ಕ್ಲಿಪ್ಪನ್ನ ನಂಬಬೇಡಿ. ವಾರಕ್ಕೊಮ್ಮೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಮಣ್ಣಿನ ಬಣ್ಣಕ್ಕೆ ಬಳಸಿದ ಚಹಾಪುಡಿ ಚೆನ್ನಾಗಿರತ್ತೆ, ಆದರೆ ಒಲೆ ಮೇಲೆ ಬಾಣಲೆಯಲ್ಲಿ ಗರಿಗರಿ ಹುರಿದು ಹಾಕಿ. ಇಲ್ಲದಿದ್ದರೆ ಆಗಸ್ಟಿನಲ್ಲಿ ಸಹ್ಯಾದ್ರಿ ಮೇಲೆ ನಿಜವಾದ ಬೂಷ್ಟು. ಜಲ್ಲಿಗೆ ಜರಡಿ ಹಿಡಿದ ಮರಳು, ಮೇಲೆ ನೀರು ಬೆರೆಸಿದ ಫೆವಿಕಾಲ್, ಅದಕ್ಕೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ಆ ಹನಿ ಇಲ್ಲದಿದ್ದರೆ ಅಂಟು ಮರಳಿನೊಳಗೆ ಇಳಿಯಲ್ಲ.

ಡೊಂಬಿವಲಿಗೆ ಬಂದ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಿಚ್ಚೋಕೆ ಶುರುಮಾಡಿ, ಎರಡು ಆಟೋದಲ್ಲಿ ತಂದು, ಹಾಲು ಉಕ್ಕಿಸಿ, ರಾತ್ರಿ ಹತ್ತಕ್ಕೆ ಮೊದಲ ಗಾಡಿ ಹತ್ತಿಸಿದ್ವಿ. ಅಡುಗೆಮನೆಯ ಡಬ್ಬಗಳು ಮೂರು ದಿನ ಬಿಟ್ಟು ಸಿಕ್ಕವು.

ಮೂಲೆ ಮಾಡ್ಯೂಲಿನ ನಕ್ಷೆ, ವೇಗ ಅಳೆಯೋ ಪ್ರೋಗ್ರಾಂ ಬೇಕಾದವರು ಚಾನೆಲ್‌ನವರಿಗೆ ತಿಳಿಸಿ, ಕಳಿಸಿಕೊಡ್ತೀನಿ. ಎಚ್‌ಒನಲ್ಲಿ ಮಾಡೋರು ತಿರುವಿನ ತ್ರಿಜ್ಯ 80 ಸೆಂಟಿಮೀಟರಿಗಿಂತ ಕಡಿಮೆ ಮಾಡಬೇಡಿ, ಬೋಗಿಯ ತೂಕವನ್ನ ನಿಮ್ಮ ಎಂಜಿನ್ನಿಗೆ ತಕ್ಕಡಿ ಕಟ್ಟಿ ನೋಡಿಯೇ ನಿರ್ಧರಿಸಿ. ಈಗ ಕ್ಯಾಮೆರಾ ರ‍್ಯಾಕಿನ ಕಡೆ ತಿರುಗಿಸ್ತೀನಿ, ಏಳು ಬೋಗಿ ಹಾಕಿ ಒಮ್ಮೆ ಬ್ಯಾಂಕರ್ ಇಲ್ಲದೆ, ಒಮ್ಮೆ ಬ್ಯಾಂಕರ್ ಸೇರಿಸಿ ಓಡಿಸ್ತೀನಿ. ನೋಡಿ.